ಮರಿಯಪ್ಪನವರ ಏಣಿ, ಸತ್ಯವತಿಯ ಉತ್ತರ

ವಿಜಯನಗರ
೯ ನವೆಂಬರ್ ೨೦೨೫, ಭಾನುವಾರ

ಹೇರೋಹಳ್ಳಿಯಲ್ಲಿ ಮುನಿಸಿಕೊಂಡು ವಿರಾಜಮಾನಳಾಗಿರುವ ಕುಮಾರಿ ಸತ್ಯವತಿಯವರ ಸನ್ನಿಧಿಗೆ,

ಅನಂತಲಕ್ಷ್ಮಿ ಮಾಡುವ, ಮೊಣಕಾಲು ಬಗ್ಗುವಷ್ಟರ ಮಟ್ಟಿನ ನಮಸ್ಕಾರಗಳು. ನಾನಿಲ್ಲಿ ಕ್ಷೇಮವಾಗಿಲ್ಲ. ನೀನೂ ಅಲ್ಲಿ ಕ್ಷೇಮವಾಗಿರಬಾರದು ಅಂತ ದೇವರಲ್ಲಿ ಬೇಡಿಕೊಂಡಿದ್ದೇನೆ. ಇನ್ನು ಉಳಿದ ಸಮಾಚಾರ.

ಕಾಗದ ತಡವಾದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ. ಇರುವ ಸಿಟ್ಟೇ ಸಾಕಷ್ಟಿದೆ. ಇನ್‌ಲ್ಯಾಂಡ್ ಲೆಟರ್ ಬೇಕು ಅಂತ ಅಂಚೆ ಕಚೇರಿಗೆ ಹೋದರೆ ಕೌಂಟರಿನ ಹುಡುಗಿ ನಾನೇನೋ ತಾಮ್ರಪತ್ರ ಕೇಳಿದವಳ ಹಾಗೆ ನೋಡಿದಳು. "ಎಲ್ಲಿಗೆ ಆಂಟಿ?" ಅಂದಳು. "ಹೇರೋಹಳ್ಳಿಗೆ" ಅಂದೆ. "ಬಸ್ ಇದೆಯಲ್ಲಾ?" ಅಂದಳು. ಬಸ್ ಇದೆ ತಾಯಿ, ಬಾಗಿಲು ತೆಗೆಯೋರಿಲ್ಲ ಅಂತ ಅವಳ ಮುಂದೆ ಹೇಗೆ ಹೇಳಲಿ?

ನಿನ್ನ ಫೋನು ಆಫ್ ಆಗಿದೆ. ಹೋದ ವಾರ ನಾನೇ ಬಸ್ಸು ಹತ್ತಿ, ನಿಮ್ಮ ರಸ್ತೆಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಪರಿಚಯ ಮಾಡಿಕೊಂಡು ಬಂದೆ. ನಿನ್ನ ಅತ್ತಿಗೆ ಗೇಟಿನಲ್ಲೇ ನಿಂತು, "ಮಲಗಿದಾಳೆ ಕಣಮ್ಮ" ಅಂದರು. ಬೆಳಿಗ್ಗೆ ಹನ್ನೊಂದು ಗಂಟೆಗೆ! ಒಳಗಿಂದ ನಿನ್ನ ಕೆಮ್ಮು ಕೇಳಿಸಿತು. ಮಲಗಿದವರು ಕೆಮ್ಮಬಹುದು, ಒಪ್ಪಿದೆ. ನನ್ನ ದನಿ ಕೇಳಿದ ಕೂಡಲೇ ಮಲಗಿದವರು ಟಿವಿಯ ಸದ್ದು ಕಮ್ಮಿ ಮಾಡೋದಿಲ್ಲ ಕಣೇ.

ಹೊರಡುವಾಗ ನಿನ್ನ ಅತ್ತಿಗೆ ದನಿ ತಗ್ಗಿಸಿ, "ತಲೆ ಕೆಲಸ ಮಾಡ್ತಿಲ್ಲ ಅಂತಾಳೆ. ಇನ್ಮೇಲೆ ಪಾಠದ ಸಹವಾಸ ಬೇಡ್ವಂತೆ. ಪುಸ್ತಕ ಎಲ್ಲಾ ಅಟ್ಟಕ್ಕೆ ಹಾಕಿಸಿದಾಳೆ" ಅಂದರು. ಅವತ್ತಿನಿಂದ ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಹಾಲು ಉಕ್ಕಿಸಿದೆ, ಸಾರಿಗೆ ಉಪ್ಪು ಹಾಕಿದ ಮೇಲೆ ಮತ್ತೆ ಹಾಕಿದೆ. ನಮ್ಮ ಯಜಮಾನರು ಬಾಯಿ ಮುಚ್ಚಿಕೊಂಡು ಉಂಡರು. ಅವರು ಅಷ್ಟು ವಿಧೇಯರಾಗಿದ್ದನ್ನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ನಿನ್ನ ತಲೆ ಕೆಲಸ ಮಾಡ್ತಿಲ್ಲ ಅಂದಮೇಲೆ ಹಳೆಯದನ್ನೆಲ್ಲ ನೆನಪಿಸಿಕೊಡೋದು ನನ್ನ ಧರ್ಮ. ನಾವಿಬ್ಬರೂ ಮರಿಯಪ್ಪನವರ ಮನೆಯ ಮೇಲ್ಮಹಡಿಯಲ್ಲಿ ಡಿಗ್ರಿ ಮಕ್ಕಳಿಗೆ ಟ್ಯೂಷನ್ ನಡೆಸುತ್ತೇವೆ. ಅರ್ಥಶಾಸ್ತ್ರ, ಹಣಕಾಸು ನನ್ನ ಪಾಲು. ಸಂಖ್ಯಾಶಾಸ್ತ್ರ, ಭೌತಶಾಸ್ತ್ರ ನಿನ್ನ ಪಾಲು. ಪಾಸು ಮಾಡಿಸುವ ಕೆಲಸ ಮೊದಲಿನಿಂದಲೂ ಬನಶಂಕರಿ ಅಮ್ಮನವರದು. ಈಗ ನಾಲ್ಕೂ ಶಾಸ್ತ್ರಗಳು ನನ್ನೊಬ್ಬಳ ತಲೆಯ ಮೇಲೆ ಕೂತಿವೆ. ನನ್ನವೆರಡಕ್ಕೆ ಭಯವಿಲ್ಲ. ಹೂವಿನ ರೇಟು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಯಾಕೆ ಏರುತ್ತೆ ಅಂತ ಕೇಳಿದರೆ ಬೇಡಿಕೆ ಅರ್ಥವಾಗುತ್ತೆ. ಇವತ್ತಿನ ಒಂದು ಒಬ್ಬಟ್ಟು, ಮುಂದಿನ ಯುಗಾದಿಗೆ ಕೊಡ್ತೀನಿ ಅನ್ನೋ ಎರಡು ಒಬ್ಬಟ್ಟಿಗಿಂತ ಮೇಲು ಅಂದರೆ ಹಣಕಾಸಿನ ಮೊದಲ ಪಾಠ ಮುಗಿಯುತ್ತೆ. ಆದರೆ ಮೊನ್ನೆ ಬಿ.ಕಾಂನ ಚೈತ್ರ ಎದ್ದು ನಿಂತು, "ಮೇಡಂ, ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದ್ರೆ ಸಿಂಪಲ್ಲಾಗಿ ಏನು?" ಅಂದಳು. ನನಗೆ ದಿಕ್ಕು ತೋಚದೆ, "ಮನೆಮಂದಿ ಸರಾಸರಿಯಿಂದ ಎಷ್ಟೆಷ್ಟು ಕೆಟ್ಟಿದಾರೆ ಅನ್ನೋ ಲೆಕ್ಕಾಮ್ಮ" ಅಂದೆ. ಅವಳು ಬರೆದುಕೊಂಡಳು. ಸತ್ಯ, ಅವಳು ಬರೆದುಕೊಂಡಳು ಕಣೇ! ಡಿಸೆಂಬರಿನ ಪರೀಕ್ಷೆಯಲ್ಲಿ ಅದನ್ನೇ ಬರೆದು ಬಂದರೆ ಆ ಪಾಪದಲ್ಲಿ ಅರ್ಧ ನಿನಗೆ.

ಈಗ ಆ ಗುರುವಾರದ ವಿಷಯ. ನಡೆದದ್ದನ್ನು ನಡೆಸಿದವಳಿಗೇ ಹೇಳೋದು ಅಧಿಕಪ್ರಸಂಗ. ಆದರೂ ನೀನು ಅದನ್ನು ಮನಸ್ಸಿನಲ್ಲಿ ಇದ್ದದ್ದಕ್ಕಿಂತ ದೊಡ್ಡದು ಮಾಡಿ ಇಟ್ಟುಕೊಂಡಿದ್ದೀಯ ಅಂತ ನನ್ನ ಗುಮಾನಿ. ಬಿ.ಎಸ್ಸಿ. ಹುಡುಗರಿಗೆ ಕಾಲೇಜಿನವರು ಕೊಟ್ಟ ಅಸೈನ್‌ಮೆಂಟಿನ ಪ್ರಶ್ನೆ. ನುಣುಪಾದ ಗೋಡೆಗೆ ಒರಗಿಸಿದ ಏಣಿ ಇನ್ನೇನು ಜಾರುವುದರಲ್ಲಿದೆ. ಅದರ ಕಟ್ಟಕಡೆಯ ಕೆಳಗಿನ ಮೆಟ್ಟಿಲ ಮೇಲೆ ಒಬ್ಬರು ಹತ್ತಿ ನಿಂತರೆ ಏಣಿ ಜಾರುತ್ತದೋ, ನಿಲ್ಲುತ್ತದೋ? ನೀನು ಬೋರ್ಡಿನ ತುಂಬ ಲೆಕ್ಕ ಮಾಡಿ, "ನಿಲ್ಲುತ್ತದೆ" ಅಂತ ಬರೆದು ಕೆಳಗೆ ಗೆರೆ ಎಳೆದೆ. ಸಂಪತ್ ಫೋನಿನ ಎ.ಐ.ಗೆ ಕೇಳಿ, ಅದನ್ನು ಎತ್ತಿ ಹಿಡಿದು, "ಮೇಡಂ, ಇದ್ರಲ್ಲಿ ಬೇರೆ ಬಂದಿದೆ. ಭಾರ ಜಾಸ್ತಿ ಆದ್ರೆ ಜಾರುತ್ತಂತೆ" ಅಂದ. ಅವನ ಪಕ್ಕದವನು ಮೆಲ್ಲಗೆ, "ಮೇಡಂ ವರ್ಷನ್ ಹಳೇದು ಮಗಾ" ಅಂದ. ಮೆಲ್ಲಗೆ ಅಂದದ್ದು ಮೆಟ್ರೋ ಸ್ಟೇಷನ್ನಿಗೂ ಕೇಳಿಸಿತು.

ನೀನು ಡಸ್ಟರ್ ತಗೊಂಡು ನಿನ್ನ ಲೆಕ್ಕವನ್ನೆಲ್ಲ ಒರೆಸಿ, ಫೋನಿನ ಉತ್ತರ ಬರೆದು, "ಹೌದಪ್ಪ, ಅದೇ ಸರಿ ಇರ್ಬೇಕು" ಅಂದೆ. ಕೈ ತೊಳೆದು, ಚೀಲ ತಗಲಿಸಿಕೊಂಡು ಇಳಿದು ಹೋದೆ. ಅಷ್ಟೇ.

ಯಾರ ಉತ್ತರ ಸರಿ ಅಂತ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವ ಏಣಿ ಅಂದರೆ ಅಟ್ಟದಿಂದ ಗೊಂಬೆ ಇಳಿಸೋದು ಮಾತ್ರ. ಆದರೆ ನೀನು ಬರದಿದ್ದರೆ ಪರೀಕ್ಷೆ ಮುಗಿದ ಮಾರನೇ ದಿನ ನಮ್ಮ ಟ್ಯೂಷನ್ನಿನ ಬೋರ್ಡು ಇಳಿಸುತ್ತೇನೆ. ಒಬ್ಬಳೇ ನಡೆಸೋದಿಲ್ಲ. ಇದು ಬೆದರಿಕೆ ಅಂತಲೇ ತಿಳಿ.

ಇಂತಿ ನಿನ್ನ ಉತ್ತರ ಕಾಯುವ,
ಅನಂತಿ


ವಿಜಯನಗರ
೧೭ ನವೆಂಬರ್ ೨೦೨೫, ಸೋಮವಾರ

ಮೌನವ್ರತದ ಮಹಾತಾಯಿಗೆ,

ಅನಂತಿಯ ನೆನಕೆಗಳು. ನಿನ್ನಿಂದ ಉತ್ತರ ಬರಲಿಲ್ಲ. ನಮ್ಮ ಬೀದಿಯ ಅಂಚೆಯಣ್ಣನನ್ನು ದಿನಾ ಗೇಟಿನಲ್ಲಿ ಅಡ್ಡಗಟ್ಟಿ ಚೀಲ ತಪಾಸಣೆ ಮಾಡಿದೆ. ಅವನೀಗ ನನ್ನನ್ನು ಕಂಡರೆ ಸೈಕಲ್ಲು ತಿರುಗಿಸಿ ಹಿಂದಿನ ಕ್ರಾಸಿನಿಂದ ಹೋಗುತ್ತಾನೆ. ಈ ಕಾಗದವನ್ನು ಇನ್ನೂ ಬೇಗ ಬರೆಯಬೇಕಿತ್ತು. ಕೈಯಲ್ಲಿ ಪುರಾವೆ ಇಲ್ಲದೆ ಬರೆಯಬಾರದು ಅಂತ ಹಲ್ಲು ಕಚ್ಚಿ ಕಾದೆ. ಈಗ ಪುರಾವೆ ಇದೆ. ಸೊಂಟದಲ್ಲಿ ನೋವೂ ಇದೆ.

ಮೊದಲು ಕೆಟ್ಟ ಸುದ್ದಿ. ಅಸೈನ್‌ಮೆಂಟು ಕಾಲೇಜಿನಿಂದ ವಾಪಸ್ ಬಂತು. ಫೋನಿನ ಉತ್ತರಕ್ಕೆ ಪೂರ್ತಿ ಅಂಕ! ಸಂಪತ್ ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. ಕಾಲೇಜಿನ ಮೇಷ್ಟ್ರೂ ಅದೇ ಫೋನ್ ನೋಡಿ ತಿದ್ದಿರಬೇಕು. ಪ್ರಶ್ನೆ ಕೊಟ್ಟವರೂ ಯೋಚಿಸಲಿಲ್ಲ, ಬರೆದವರೂ ಯೋಚಿಸಲಿಲ್ಲ, ತಿದ್ದಿದವರೂ ಯೋಚಿಸಲಿಲ್ಲ. ಯೋಚಿಸಿದ ಒಬ್ಬಳು ಹೇರೋಹಳ್ಳಿಯಲ್ಲಿ ಕದ ಹಾಕಿಕೊಂಡು ಕೂತಿದ್ದಾಳೆ.

ಆ ಕೆಂಪು ಶಾಯಿಯ ಸರಿ ಗುರುತು ನೋಡಿ ನನಗೂ ಒಂದು ಗಳಿಗೆ ಅನುಮಾನ ಬಂತು ಅಂತ ಹೇಳಿಬಿಡುತ್ತೇನೆ. ಹಾಗಾದರೆ ಸತ್ಯ ತಪ್ಪಿದ್ದಳಾ? ನಿನ್ನ ಅತ್ತಿಗೆ ಹೇಳಿದ ಮಾತು ಕಿವಿಯಲ್ಲಿ ಕೊರೆಯೋಕೆ ಶುರುವಾಯಿತು. ಬೋರ್ಡು ನೋಡೋಣ ಅಂದರೆ ನೀನೇ ಒರೆಸಿ ಹೋಗಿದ್ದೀಯ.

ಆಗ ನನ್ನ ಕೈ ಹಿಡಿದವಳು ಚೈತ್ರ. ನಮ್ಮ ಮಕ್ಕಳಿಗೆ ಬರೆದುಕೊಳ್ಳುವ ರೋಗ ಇಲ್ಲವಲ್ಲ, ಬೋರ್ಡು ತುಂಬಿದ ಕೂಡಲೇ ಫೋಟೋ ಹೊಡೆಯುತ್ತಾರೆ. "ಬೋರ್ಡಿಗೇನು ಮದುವೆನೇನ್ರೋ?" ಅಂತ ನೀನು ಎಷ್ಟು ಸಲ ಬೈದಿಲ್ಲ! ಸಂಪತ್ ಕೈ ಎತ್ತುವ ಮೊದಲೇ ಚೈತ್ರ ಫೋಟೋ ಹೊಡೆದಿದ್ದಳು. ಅದು ಅವಳ ವಿಷಯವೂ ಅಲ್ಲ, ನನ್ನ ಪಾಠಕ್ಕೆ ಮುಂಚೆಯೇ ಬಂದು ಕೂತಿದ್ದಳು ಅಷ್ಟೇ. "ಯಾಕಮ್ಮ ತೆಗೆದೆ?" ಅಂದರೆ, "ಗೊತ್ತಿಲ್ಲ ಮೇಡಂ, ಕೈ ತಾನಾಗೇ ಹೋಯ್ತು" ಅಂದಳು. ಆ ಕೈಗೆ ಬಳೆ ತೊಡಿಸಬೇಕು ಅನ್ನಿಸಿತು.

ಫೋಟೋ ದೊಡ್ಡದು ಮಾಡಿಕೊಂಡು, ಸಂಪತ್‌ನ ಪಠ್ಯಪುಸ್ತಕ ಕಿತ್ತುಕೊಂಡು, ಈ ವಯಸ್ಸಿನಲ್ಲಿ ಭೌತಶಾಸ್ತ್ರಕ್ಕೆ ಅಕ್ಷರಾಭ್ಯಾಸ ಮಾಡಿದೆ. ನಿನ್ನ ಬಾಣದ ಗುರುತುಗಳು ಯಾವುದು ಮೇಲಕ್ಕೆ ಯಾವುದು ಪಕ್ಕಕ್ಕೆ ಅಂತ ತಿಳಿಯೋಕೇ ಮೂರು ಸಂಜೆ ಹೋಯಿತು. ನಾಲ್ಕನೇ ಸಂಜೆ ಲೆಕ್ಕ ನಿನ್ನ ಕಡೆಗೇ ಬಂತು. ಆದರೆ ನನ್ನ ಲೆಕ್ಕವನ್ನು ನಾನೇ ನಂಬಲಿಲ್ಲ. ಹಾಗಾಗಿ ನಿನ್ನೆ ಭಾನುವಾರ ಸಂಪತ್, ಚೈತ್ರ ಇಬ್ಬರನ್ನೂ ಕರೆದುಕೊಂಡು ಮರಿಯಪ್ಪನವರ ಬಾಗಿಲಿಗೆ ಹೋಗಿ ನಿಂತೆ.

"ಒಂಚೂರು ನಿಮ್ಮ ಏಣಿ ಬೇಕಿತ್ತು."

"ಯಾಕ್ ಟೀಚರಮ್ಮ, ಟ್ಯಾಂಕ್ ನೋಡ್ಬೇಕಾ?"

"ಇಲ್ಲ, ಪಾಠಕ್ಕೆ. ಹತ್ತೋಕಲ್ಲ, ಜಾರಿಸೋಕೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮಪ್ಪನ್ ಕಾಲ್ದಲ್ಲಿ ಇಲ್ಲೆಲ್ಲಾ ರಾಗಿ ಹೊಲ ಇತ್ತು. ಆಗ್ಲಿಂದ ಎಂತೆಂಥೋರ್ನೋ ನೋಡಿವ್ನಿ. ಜಾರ್ಸಕ್ಕೆ ಏಣಿ ಕೇಳ್ದೋರು ನೀವೇ ಮೊದ್ಲು" ಅಂದರು. ಏಣಿಯನ್ನೂ ಕೊಟ್ಟರು, ತಾವೂ ಕುರ್ಚಿ ಹಾಕಿಕೊಂಡು ಕೂತರು.

ಅವರ ಪೋರ್ಟಿಕೋದ ನೆಲವೂ ಟೈಲ್ಸು, ಗೋಡೆಯೂ ಟೈಲ್ಸು. ಏಣಿಯನ್ನು ಒರಗಿಸಿ, ಇನ್ನೇನು ಜಾರುತ್ತೆ ಅನ್ನುವಷ್ಟು ಬುಡ ಈಚೆಗೆ ಎಳೆದೆವು. ಸಂಪತ್ ಬುಡಕ್ಕೆ ಕಾಲಿನಿಂದ ಒಂದು ಸಣ್ಣ ತಳ್ಳು ಕೊಟ್ಟ. ಏಣಿ ಸರ್ರನೆ ಜಾರಿ ಧಡ್ ಅಂತ ಬಿತ್ತು. ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದೆವು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆದೇವರನ್ನು ನೆನೆದು, ಕೆಳಗಿನ ಮೆಟ್ಟಿಲ ಮೇಲೆ ಹತ್ತಿ ನಿಂತೆ.

"ತಳ್ಳೋ!"

"ತಳ್ಳಿದೆ ಮೇಡಂ."

"ಸರಿಯಾಗಿ ತಳ್ಳೋ, ನಾಷ್ಟಾ ಮಾಡಿಲ್ವಾ?"

"ತಳ್ತಾನೇ ಇದೀನಿ ಮೇಡಂ! ಅಲ್ಲಾಡ್ತಿಲ್ಲ!"

ಮರಿಯಪ್ಪನವರು ಕುರ್ಚಿಯಿಂದ, "ಟೀಚರಮ್ಮನ್ನ ಅಲ್ಲಾಡ್ಸಕ್ಕೆ ಜೆಸಿಬಿ ತರ್ಸ್‌ಬೇಕು ಬಿಡಯ್ಯ" ಅಂದರು. ವಿಜ್ಞಾನದ ಹಿತಕ್ಕಾಗಿ ಆ ಮಾತು ನುಂಗಿಕೊಂಡೆ. ಆದರೆ ಆಕ್ಷೇಪಣೆ ನ್ಯಾಯವಾದದ್ದೇ, ನನ್ನ ಗಾತ್ರದ ಮಹಿಮೆ ಅಂತ ಯಾರಾದರೂ ಅಂದಾರು. ಅದಕ್ಕೇ ಚೈತ್ರಳನ್ನು ನಿಲ್ಲಿಸಿದೆ. ಫ್ಯಾನ್ ಹಾಕಿದರೆ ಹಾರಿ ಹೋಗುವ ಹುಡುಗಿ. ಏಣಿ ಆಗಲೂ ನಿಂತಿತು.

ಆಗ ಸಂಪತ್‌ಗೆ ತಡೆಯಲಾಗಲಿಲ್ಲ. "ಒಂದ್ನಿಮಿಷ" ಅಂದವನೇ ತಾನೇ ಸರಸರ ಏರಿದ. ಅರ್ಧ ದಾಟಿ ಇನ್ನೊಂದು ಮೆಟ್ಟಿಲು ಹತ್ತಿದನೋ ಇಲ್ಲವೋ, ಏಣಿ ಕಾಲು ಕಿತ್ತಿತು. ಹುಡುಗ ದಾಸವಾಳದ ಕುಂಡದಲ್ಲಿ ಪ್ರತಿಷ್ಠಾಪನೆಯಾದ. ಏಟೇನೂ ಆಗಿಲ್ಲ, ಗಾಬರಿಯಾಗಬೇಡ. ಕುಂಡ ಹೋಯಿತು. ಅವನನ್ನು ಎಳೆದು ನಿಲ್ಲಿಸೋಕೆ ಹೋಗಿ ನನ್ನ ಸೊಂಟ ಹಿಡಿಯಿತು.

ಅವನು ಮಣ್ಣು ಕೂಡ ಕೊಡವಿಕೊಳ್ಳದೆ ನಿಂತಿದ್ದ. ಚೈತ್ರಳ ಫೋನಿನಲ್ಲಿ ನಿನ್ನ ಬೋರ್ಡು ತೋರಿಸಿ ಹೇಳಿದೆ. ಕೆಳಗೆ ನಿಂತವರ ಭಾರ ಏಣಿಯನ್ನು ನೆಲಕ್ಕೆ ಒತ್ತುತ್ತದೆ, ನೆಲದ ಹಿಡಿತ ಹೆಚ್ಚುತ್ತದೆ, ಬುಡವನ್ನು ಆಚೆಗೆ ನೂಕೋದು ತೀರ ಕಮ್ಮಿ. ಅರ್ಧಕ್ಕಿಂತ ಮೇಲೆ ಹೋದವರ ಭಾರವೇ ಬುಡವನ್ನು ಆಚೆಗೆ ನೂಕಿ ಬೀಳಿಸೋದು. ಎಲ್ಲವನ್ನೂ ನೀನು ಬರೆದಿದ್ದೆ ಕಣೇ, ಕೊನೆಯ ಗೆರೆಯವರೆಗೂ.

"ಹಂಗಾದ್ರೆ ನನ್ನ ಮಾರ್ಕ್ಸು?" ಅಂದ ಸಂಪತ್.

"ಸುಮ್ನಿರು ಗುರು" ಅಂದಳು ಚೈತ್ರ. "ಬಂದಿರೋದನ್ನ ಯಾರಾದ್ರೂ ವಾಪಸ್ ಕೊಡ್ತಾರಾ?"

ಅವನು ನಗಲಿಲ್ಲ. "ಮಾರ್ಕ್ಸ್ ಇರ್ಲಿ ಬಿಡೇ. ಸತ್ಯ ಮೇಡಂ ಬರ್ದಿದ್ದು ನೋಡ್ದೆ ಫೋನ್ ಎತ್ತಿದ್ನಲ್ಲ" ಅಂದ. ಇವತ್ತು ಕಾಲೇಜಿಗೆ ಹೋಗಿ ಆ ಮೇಷ್ಟ್ರ ಹತ್ತಿರ ಉತ್ತರ ತಪ್ಪು ಅಂತ ಹೇಳಿ ಬಂದನಂತೆ. "ನೋಡೋಣ" ಅಂದರಂತೆ ಅವರು. ದೊಡ್ಡವರು ನೋಡೋಣ ಅಂದರೆ ಏನರ್ಥ ಅಂತ ನಿನಗೆ ಗೊತ್ತಿದೆ. ಹಾಗಾಗಿ ಅಲ್ಲಿಂದ ನಿನಗೆ ನ್ಯಾಯ ಬರುತ್ತೆ ಅಂತ ಕಾಯಬೇಡ. ಮರಿಯಪ್ಪನವರ ಪೋರ್ಟಿಕೋದಲ್ಲಿ ಬಂದಿದೆ, ಅಷ್ಟಕ್ಕೆ ತೃಪ್ತಿಪಡು. ಅವರಂತೂ ಬಂದ ಬಾಡಿಗೆಯವರಿಗೆಲ್ಲ ಏಣಿ ಹಾಕಿ ತೋರಿಸುತ್ತಿದ್ದಾರೆ.

ನಿನ್ನ ತಲೆಗೆ ಏನೂ ಆಗಿಲ್ಲ ಸತ್ಯ. ಕೇಳಿಸಿತಾ? ಏನೂ ಆಗಿಲ್ಲ. ಅಟ್ಟದ ಪುಸ್ತಕ ಇಳಿಸಿಕೋ. ಇಳಿಸುವಾಗ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ನಿಮ್ಮ ಅತ್ತಿಗೆಯನ್ನು ನಿಲ್ಲಿಸು. ಬುಧವಾರ ನಾಲ್ಕು ಗಂಟೆಗೆ ಬಿ.ಎಸ್ಸಿ. ಹುಡುಗರು ಬರುತ್ತಾರೆ. ಸಂಪತ್‌ನನ್ನು ಬೈಯುವ ಕೆಲಸವನ್ನು ನಿನಗೇ ಅಂತ ಮೀಸಲಿಟ್ಟಿದ್ದೇನೆ, ನಾನು ಒಂದು ಮಾತೂ ಅಂದಿಲ್ಲ.

ನಿನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳಾದ್ದರಿಂದ ಆಶೀರ್ವಾದ ಮಾಡುವ ಅಧಿಕಾರ ನನಗಿದೆ. ಆಯಸ್ಸು ಇರಲಿ, ಆರೋಗ್ಯ ಇರಲಿ, ಹಟ ಸ್ವಲ್ಪ ಕಮ್ಮಿಯಾಗಲಿ.

ನಿನ್ನ,
ಅನಂತಿ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯೋಕೆ ಆಗಲಿಲ್ಲ. ಅವತ್ತು ಸಂಪತ್ ಫೋನ್ ಎತ್ತಿದಾಗ ನೀನು ಫೋನ್ ನೋಡಿದೆ, ಬೋರ್ಡ್ ನೋಡಿದೆ, ಕಿಟಕಿಯಾಚೆಗೂ ನೋಡಿದೆ. ನಾನು ಕೊನೆಯ ಬೆಂಚಿನಲ್ಲೇ ಕೂತಿದ್ದೆ ಸತ್ಯ. ಇಷ್ಟು ವರ್ಷದಲ್ಲಿ ಸೀರೆಯ ಬಣ್ಣಕ್ಕೂ ನನ್ನನ್ನೇ ಕೇಳಿದವಳು ಅವತ್ತು ನನ್ನ ಕಡೆ ತಿರುಗಲೇ ಇಲ್ಲ. ಇವಳಿಗೆ ಭೌತಶಾಸ್ತ್ರ ಏನು ಗೊತ್ತು ಅಂದುಕೊಂಡಿರಬೇಕು. ಗೊತ್ತಿರಲಿಲ್ಲ, ನಿಜ. ಆದರೆ ತಿರುಗಿದ್ದರೆ, "ಒರೆಸಬೇಡ ಕಣೇ" ಅಂತಿದ್ದೆ. ಅಷ್ಟು ಹೇಳೋಕೆ ಭೌತಶಾಸ್ತ್ರ ಬೇಕಿರಲಿಲ್ಲ.