ಒಂದು ಲೋಟ ನೀರಿನ ಸಾಕ್ಷಿ

ಸುಂಕದಕಟ್ಟೆ
೯ ಮಾರ್ಚ್ ೨೦೨೬, ಸೋಮವಾರ

ನನ್ನ ಬಂಗಾರ ಸ್ಪಂದನಾಗೆ ಅಜ್ಜಿಯ ಆಶೀರ್ವಾದ.

ಮೊದಲು ಖರ್ಚು ಹೇಳಿಬಿಡುತ್ತೇನೆ. ನೀನು ಧರ್ಮ ಹುಡುಕುತ್ತೇನೆಂದು ಹೊರಟ ಈ ಹದಿನಾಲ್ಕು ತಿಂಗಳಲ್ಲಿ ನನ್ನ ಕಡೆಯಿಂದ ಹೋದದ್ದು: ಎರಡು ಜೊತೆ ಚಪ್ಪಲಿ, ಒಂದು ಮಠದ ಬಾಗಿಲಲ್ಲಿ, ಇನ್ನೊಂದು ದರ್ಗಾದ ಬಾಗಿಲಲ್ಲಿ. ನಮ್ಮ ಕುರ್ಚಿ-ಹಂಡೆ ಸಾಗಿಸುವ ಅಮೀನಪ್ಪನ ಟೆಂಪೊದಲ್ಲಿ ಹನ್ನೊಂದು ಓಡಾಟ. ಅರ್ಧ ಇದ್ದ ಬಿಪಿ ಮಾತ್ರೆ ಪೂರ್ತಿ ಒಂದಾಯಿತು. ಕೊನೆಗೆ, ನಿನ್ನ ಇನ್ನೊಬ್ಬ ಅಜ್ಜಿ ಸೆಲಿನಮ್ಮನ ಜೊತೆ ಇದ್ದ ಮಾತು. ಅದು ನಿಂತು ಮೂರು ವಾರವಾಯಿತು. ನಿಲ್ಲಿಸಿದವಳು ನಾನು. ಮೊದಲ ಮೂರಕ್ಕೆ ನನ್ನ ತಕರಾರಿಲ್ಲ. ನಾಲ್ಕನೆಯದಕ್ಕಾಗಿ ಈ ಕಾಗದ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅದನ್ನೇ ನೆಪ ಮಾಡಿಕೊಂಡು ಮಾತು ಬೇರೆ ಕಡೆ ತಿರುಗಿಸುತ್ತೇನೆ. ಏಳನೇ ಕ್ಲಾಸು ಓದಿ, ಬಾಯಿಯಿಂದಲೇ ಶಾಮಿಯಾನದ ವ್ಯಾಪಾರ ಕಟ್ಟಿದವಳು ನಾನು. ಮಾತಿನಲ್ಲಿ ಜಾರಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಬರೆಯುವಾಗ ಅಷ್ಟು ಸುಲಭವಲ್ಲ.

ನಿನಗೆ ಗೊತ್ತಿರುವ ಕಥೆಯನ್ನೇ ಒಂದು ಸಲ ನನ್ನ ಕಡೆಯಿಂದ ಕೇಳು. ನಿನ್ನಪ್ಪ ಗಿರಿರಾಜ, ನಿನ್ನಮ್ಮ ಸ್ಟೆಲ್ಲಾಳನ್ನು ರಿಜಿಸ್ಟರ್ ಮದುವೆ ಮಾಡಿಕೊಂಡು ನಂದಿನಿ ಲೇಔಟಿನಲ್ಲಿ ಮನೆ ಹಿಡಿದ. ನೀನು ಹೊಟ್ಟೆಯಲ್ಲಿದ್ದಾಗ ಸೆಲಿನಮ್ಮ ರಾಜಾಜಿನಗರದಿಂದ ಎರಡು ಬಸ್ಸು ಬದಲಾಯಿಸಿ ನನ್ನ ಗೋಡೌನಿಗೆ ಬಂದಳು. ಹಂಡೆಗಳ ಸಾಲಿನ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೀಗಿತ್ತಿಯರು ಕೂತು ಒಪ್ಪಂದ ಮಾಡಿಕೊಂಡೆವು. ಮಗುವಿನ ಕೈಗೆ ದಾರ ಬೇಡ, ಕೊರಳಿಗೆ ಶಿಲುಬೆ ಬೇಡ. ನಾನು ಮುಡಿ ಕೊಡಿಸುವಂತಿಲ್ಲ, ಅವಳು ಚರ್ಚಿನಲ್ಲಿ ನೀರು ಹಾಕಿಸುವಂತಿಲ್ಲ. ಹದಿನೆಂಟು ತುಂಬಿದ ಮೇಲೆ ಮಗುವೇ ಆರಿಸಿಕೊಳ್ಳಲಿ. ಬರೆದಿಟ್ಟುಕೊಳ್ಳೋಣವೇ ಎಂದು ನಾನು ಕೇಳಿದೆ. ಮಾತೇ ಸಾಕು ಎಂದಳು ಆಕೆ. ಹೊಲಿಗೆ ಟೀಚರು, ಅಳತೆ ತೆಗೆದುಕೊಂಡ ಮೇಲೆ ಮತ್ತೆ ಟೇಪು ಹಿಡಿಯುವವಳಲ್ಲ.

ಹದಿನೆಂಟು ತುಂಬಿದ ವಾರವೇ ನೀನು ಬಂದು ಕೇಳಿದೆ, ನೆನಪಿದೆಯೇ? "ಅಜ್ಜಿ, ನೀನು ಎಲ್ಲಾ ಧರ್ಮದವರಿಗೂ ಶಾಮಿಯಾನ ಹಾಕ್ತೀಯ. ಯಾವುದು ಒಳ್ಳೇದು ಅಂತ ನಿಂಗಲ್ದೆ ಇನ್ಯಾರಿಗೆ ಗೊತ್ತಿರತ್ತೆ?"

ನಾನು ಹೇಳಿದ್ದು ಇಷ್ಟೇ. ಮೂವತ್ತೊಂದು ವರ್ಷದಿಂದ ಗಣೇಶನ ಪೆಂಡಾಲಿಗೂ ಉರುಸಿಗೂ ಚರ್ಚಿನ ಹಬ್ಬಕ್ಕೂ ಬುದ್ಧ ಪೂರ್ಣಿಮೆಗೂ ಹೋಗುತ್ತಿರುವುದು ಇದೇ ಕುರ್ಚಿ, ಇದೇ ಹಂಡೆ. ಎಣಿಸಿ ಕೊಟ್ಟ ಸೌಟುಗಳನ್ನು ಎಣಿಸಿದಷ್ಟೇ ವಾಪಸ್ ತಂದ ಧರ್ಮ ಇದುವರೆಗೆ ಒಂದೂ ಸಿಕ್ಕಿಲ್ಲ. ಆರಿಸಲೇಬೇಕೆಂದಿದ್ದರೆ ಊಟ ಮುಗಿದ ಮೇಲೆ ಹೋಗು. ಪೂಜೆಯ ಹೊತ್ತಿಗೆ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಕುರ್ಚಿ ಜೋಡಿಸುವ ಹೊತ್ತಿಗೆ ಯಾರು ಉಳಿದಿರುತ್ತಾರೆ, ನೋಡು.

ಕೇಳುವುದಕ್ಕೆ ದೊಡ್ಡ ಮಾತಿನಂತೆ ಇತ್ತಲ್ಲವೇ? ನಿಜ ಹೇಳುತ್ತೇನೆ, ಅದರ ಹಿಂದೆ ವ್ಯಾಪಾರದ ಬುದ್ಧಿ ಇತ್ತು. ಎಂಜಲು ಎಲೆ, ಮುರಿದ ಕುರ್ಚಿ, ಬೈದಾಟ ಎಲ್ಲ ನೋಡಿ ಬೇಸತ್ತು, ಊರ ಅಂಗಡಿಯನ್ನೆಲ್ಲ ಸುತ್ತಿ, ಕೊನೆಗೆ ನಮ್ಮ ಮಾರಮ್ಮನ ಬಾಗಿಲಿಗೇ ಬರುತ್ತೀಯೆಂದು ಎಣಿಸಿದ್ದೆ.

ನೀನು ಬೇಸರಪಡುವ ಜಾತಿಯಲ್ಲ. ಕೆಂಗೇರಿ ಉಪನಗರದ ಮಠದ ದಾಸೋಹದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸರ ನಡುವೆ ಕೂತು ನಾನೂರು ತಟ್ಟೆ ತೊಳೆದೆ. ಅಮೀನಪ್ಪ ಟೆಂಪೊದಿಂದ ಇಳಿದು ಬಂದು, "ಯಕ್ಕಾ, ಈ ಹುಡಿಗಿ ದೇವರನ್ನ ಹುಡಕಾಕತ್ತಾಳೋ, ಕೆಲಸಾ ಹುಡಕಾಕತ್ತಾಳೋ?" ಎಂದು ಕೇಳಿದ್ದು ಆಗಲೇ. ಧ್ಯಾನಕ್ಕೆಂದು ಬೌದ್ಧರ ಜೊತೆ ಕೂತು ಗೊರಕೆ ಹೊಡೆದೆ. ದರ್ಗಾದಲ್ಲಿ ಒಬ್ಬರು ಮುದುಕರು ಹೆಸರನ್ನೂ ಕೇಳದೆ ಶರಬತ್ತು ಕೊಟ್ಟರೆಂದು ಒಂದು ವಾರ ಅದೇ ಮಾತು. ನಮ್ಮ ಮಾರಮ್ಮನ ಹಬ್ಬದಲ್ಲಿ ನನ್ನ ಒತ್ತಾಯಕ್ಕೆ ತಂಬಿಟ್ಟಿನ ಆರತಿ ಹೊತ್ತೆ. ದೀಪದ ಬೆಳಕು ನಿನ್ನ ಮುಖದ ಮೇಲೆ ಬಿದ್ದಾಗ, ಆಯಿತು, ಹುಡುಗಿ ಮನೆಗೆ ಬಂದಳು ಎಂದುಕೊಂಡೆ.

ಆಮೇಲೆ ಸೆಪ್ಟೆಂಬರಿನಲ್ಲಿ ಬಸವೇಶ್ವರನಗರದ ಚರ್ಚಿನ ಹಬ್ಬ. ಮಾರನೇ ದಿನ ಕುರ್ಚಿ ತರಲು ಹೋದೆವು. ಅಮೀನಪ್ಪ ಆರುನೂರು ಕುರ್ಚಿ ಏರಿಸುವವರೆಗೂ ನೀನು ಖಾಲಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಕೂಗಿದರೂ ಏಳಲಿಲ್ಲ. ಹಿಂದಿನ ದಿನದ ದಣಿವು ಎಂದುಕೊಂಡೆ.

ಮೂರು ವಾರದ ಹಿಂದಿನ ಭಾನುವಾರ ನಾನು ಸೌಟು ಎಣಿಸುತ್ತಿದ್ದಾಗ ನೀನು ಪಕ್ಕದಲ್ಲಿ ಬಂದು ಕೂತೆ. ಐದು ತಿಂಗಳಿಂದ ಪಾಠಕ್ಕೆ ಹೋಗುತ್ತಿದ್ದೀಯೆಂದೂ ಈಸ್ಟರ್ ಹಬ್ಬಕ್ಕೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೀಯೆಂದೂ ಹೇಳಿದೆ. ಯಾಕೆ, ಅಲ್ಲಿ ಬಿರಿಯಾನಿ ಚೆನ್ನಾಗಿರುತ್ತದೆಂದೇ, ಎಂದು ನಾನು ಚುಚ್ಚಿದೆ. ನೀನು ನಗಲಿಲ್ಲ.

"ಎಲ್ಲಾ ಕಡೆ ನಾನು ನೆಂಟಳು ಕಣಜ್ಜಿ. ಚೆನ್ನಾಗೇ ನೋಡ್ಕೊಂಡ್ರು. ಅಲ್ಲಿ ಕೂತ್ರೆ ಮಾತ್ರ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಗತ್ತೆ. ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ."

ನನ್ನ ಎಣಿಕೆ ತಪ್ಪಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ನನಗೆ ಸಿಟ್ಟು ಬಂದಿದೆಯೆಂದು ನೀನು ಅಂದುಕೊಂಡೆ; ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ. ಈಸ್ಟರ್ ದಿನ ಬರ್ತೀಯಾ ಎಂದು ನೀನು ಕೇಳಿದೆ. ಅವತ್ತು ಟೆಂಪೊ ಲೋಡು ಇದೆ, ಆಗುವುದಿಲ್ಲ ಎಂದೆ ನಾನು. ನೀನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದೆ.

ನೀನು ಗೇಟು ದಾಟಿದ ಕೂಡಲೇ ಸೆಲಿನಮ್ಮನಿಗೆ ಫೋನು ಹಚ್ಚಿದೆ. ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಒಳಗೊಳಗೇ ಮಗುವಿನ ತಲೆ ತಿರುಗಿಸಿದಿರಿ, ಕೊಟ್ಟ ಮಾತಿಗೆ ತಪ್ಪಿದಿರಿ ಎಂಬುದು ಅದರ ಸಾರ. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಅವಳ ಹಣೆ ಮೇಲೆ ಒಂದು ಶಿಲುಬೆ ಗುರುತೂ ಹಾಕಿಲ್ಲ ನಾನು. ಮಡಿಲಲ್ಲಿ ನಿದ್ದೆ ಮಾಡ್ತಿರೋವಾಗ್ಲೂ ಇಲ್ಲ. ಕೈ ಎತ್ತೋದು, ನಿಮ್ಮ ಮುಖ ನೆನಪಾಗೋದು, ಇಳಿಸ್ಬಿಡೋದು."

ನಾನು ಫೋನು ಇಟ್ಟುಬಿಟ್ಟೆ. ಯಾಕೆಂದರೆ ಮಾತಿಗೆ ತಪ್ಪಿದವಳು ಆಕೆಯಲ್ಲ.

ಮೊನ್ನೆ ನಿನ್ನಮ್ಮ ಹೇಳಿದಳು, ಬರುವ ಭಾನುವಾರ ಫಾದರ್ ನಿನ್ನನ್ನು ಕೂರಿಸಿಕೊಂಡು ಫಾರಂ ತುಂಬುತ್ತಾರಂತೆ. ಮೊದಲು ಎಂದಾದರೂ ದೀಕ್ಷಾಸ್ನಾನ ಆಗಿದೆಯೇ ಎಂದು ಕೇಳುತ್ತಾರಂತೆ. ನೀನು ಇಲ್ಲ ಎಂದು ಬರೆಯುತ್ತೀ. ಅದು ಸುಳ್ಳಾಗುತ್ತದೆ ಕಂದ. ನೀನು ಆರಿಸಿಕೊಂಡ ದಾರಿಯ ಮೊದಲ ಸಾಲೇ ನನ್ನಿಂದಾಗಿ ಸುಳ್ಳಾಗುವುದು ಬೇಡ.

ನಿನಗೆ ಆಗ ಇಪ್ಪತ್ತೆರಡು ದಿನ. ಹೆಸರಿಟ್ಟಿರಲಿಲ್ಲ. ನ್ಯುಮೋನಿಯಾ. ಮಿಷನ್ ಆಸ್ಪತ್ರೆಯ ಗಾಜಿನ ಕೋಣೆ. ನಿನ್ನಮ್ಮ ಜ್ವರ ಬಂದು ಮೇಲಿನ ಮಹಡಿಯಲ್ಲಿ ಮಲಗಿದ್ದಳು, ನಿನ್ನಪ್ಪ ಯಾವುದೋ ಔಷಧಿಗೆಂದು ಊರೆಲ್ಲ ಸುತ್ತುತ್ತಿದ್ದ. ನಿನ್ನ ಬಳಿ ಇದ್ದವಳು ನಾನೊಬ್ಬಳೇ. ಅಷ್ಟರಲ್ಲಿ ನಾನು ಒಪ್ಪಂದವನ್ನು ಎರಡು ಸಲ ಮುರಿದಿದ್ದೆ. ಬದುಕಿದರೆ ಇವಳ ಕೈಯಿಂದಲೇ ತಂಬಿಟ್ಟಿನ ಆರತಿ ಮಾಡಿಸುತ್ತೇನೆಂದು ಮಾರಮ್ಮನಿಗೆ ಹರಕೆ ಹೊತ್ತಿದ್ದೆ. ದರ್ಗಾದಿಂದ ತರಿಸಿದ ದಾರ ನಿನ್ನ ದಿಂಬಿನ ಕೆಳಗಿತ್ತು. ಅವತ್ತು ಬೆಳಿಗ್ಗೆ ಅಲ್ಲಿನ ವಯಸ್ಸಾದ ಸಿಸ್ಟರ್ ಮೆಲ್ಲಗೆ ಹೇಳಿದರು, ಮಗು ಸಂಜೆಯವರೆಗೆ ಇರುತ್ತದೆಂದು ಹೇಳಲಾಗದು ಎಂದು. ತಮ್ಮಲ್ಲಿ ಹೀಗಾದಾಗ ನೀರು ಹಾಕಿ ಹೆಸರಿಡುತ್ತಾರೆ, ಅದಕ್ಕೆ ಪಾದ್ರಿಯೇ ಬೇಕೆಂದಿಲ್ಲ ಎಂದರು. ಹೇಳಬೇಕಾದ ಮಾತನ್ನೂ ಹೇಳಿದರು. ನಮ್ಮಲ್ಲಿ ಒಪ್ಪಂದವಿದೆ ಎಂದೆ. ತಿಳಿದಿರಲಿ ಎಂದು ಹೇಳಿದೆ ಅಷ್ಟೇ, ಎಂದು ಹೋದರು.

ಮಧ್ಯಾಹ್ನ ಮೂರು ಗಂಟೆಗೆ ನಿನ್ನ ತುಟಿ ನೀಲಿಯಾಯಿತು. ಸ್ಟೀಲ್ ಲೋಟದಿಂದ ಮೂರು ಸಲ ನಿನ್ನ ನೆತ್ತಿಯ ಮೇಲೆ ನೀರು ಬಿತ್ತು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಎಂದು ಹೇಳಿಯಾಯಿತು. ನೀನು ಕಿರುಚಿ ಅತ್ತೆ. ಡಾಕ್ಟರು ಓಡಿ ಬಂದು ಏನೇನೋ ಚುಚ್ಚಿದರು. ಸಂಜೆಗೆ ಬಣ್ಣ ತಿರುಗಿತು. ಔಷಧಿ ಹಿಡಿಯಿತು ಎಂದರು ಡಾಕ್ಟರು. ಇರಬಹುದು. ಮಾರಮ್ಮ, ದಾರ, ನೀರು, ಇಂಜೆಕ್ಷನ್ ನಾಲ್ಕೂ ಒಂದೇ ದಿನ ಒಳಗೆ ಹೋಗಿದ್ದವು. ಯಾವುದು ಕೆಲಸ ಮಾಡಿತೆಂದು ನಾನು ಹೇಗೆ ಹೇಳಲಿ?

ಇದನ್ನು ಹತ್ತೊಂಬತ್ತು ವರ್ಷ ಯಾರಿಗೂ ಹೇಳಲಿಲ್ಲ. ನೀನು ಮಾರಮ್ಮನನ್ನು ಆರಿಸಿಕೊಂಡಿದ್ದರೆ ಇನ್ನು ಮುಂದೆಯೂ ಹೇಳುತ್ತಿರಲಿಲ್ಲ. ಅದನ್ನೂ ತಿಳಿದಿರು.

ನಿನ್ನ ತಲೆ ಈಗ ಹೇಗೆ ಓಡುತ್ತಿದೆಯೆಂದು ನನಗೆ ಗೊತ್ತು. ಹಾಗಾದರೆ ನಾನು ಆರಿಸಿಕೊಂಡದ್ದೇನು, ಅಜ್ಜಿ ಮೊದಲೇ ಮುಗಿಸಿಬಿಟ್ಟಿದ್ದಳಲ್ಲ ಎನ್ನುತ್ತೀ. ಇಲ್ಲ. ಬೇರೆಯವರು ಕೊಟ್ಟದ್ದೇ ಧರ್ಮವಾಗುವುದಾದರೆ ನೀನು ಅವತ್ತೇ ಮೂರು ಕಡೆ ಸೇರಿಹೋಗಿರಬೇಕಿತ್ತು. ಆ ನೀರು ಹತ್ತು ನಿಮಿಷದಲ್ಲಿ ಟವೆಲಿನಲ್ಲಿ ಒಣಗಿತು. ಟೆಂಪೊ ಹತ್ತಿ ಹನ್ನೊಂದು ಸಲ ಹೋದವಳು ನೀನು. ತಟ್ಟೆ ತೊಳೆದವಳು, ಗೊರಕೆ ಹೊಡೆದವಳು, ಆರತಿ ಹೊತ್ತವಳು, ಎಲ್ಲ ನೋಡಿದ ಮೇಲೆ ಆ ಬೆಂಚಿಗೆ ನಿನ್ನ ಕಾಲಿನಲ್ಲೇ ವಾಪಸ್ ಹೋದವಳು ನೀನು. ಗಾಜಿನ ಕೋಣೆಯಲ್ಲಿ ನಡೆದದ್ದು ಒಬ್ಬ ಮುದುಕಿಯ ಹೆದರಿಕೆ. ನೀನು ಮಾಡಿದ್ದು ಆಯ್ಕೆ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆಯಬೇಡ.

ಭಾನುವಾರ ಫಾರಂನಲ್ಲಿ ಹೌದು ಎಂದು ಬರೆ. ನಾನು ಕುರ್ಚಿ ಕೊಡುವ ಇನ್ನೊಂದು ಚರ್ಚಿನ ಫಾದರ್ ಹತ್ತಿರ, ಯಾರದೋ ಮಗುವಿನ ಮಾತೆಂಬಂತೆ ಕೇಳಿಕೊಂಡು ಬಂದೆ. ನೀರೂ ಮಾತೂ ಸರಿಯಿದ್ದರೆ ಹಾಕಿದ ಕೈ ಯಾರದಾದರೂ ನಡೆಯುತ್ತದಂತೆ, ಎರಡನೇ ಸಲ ಹಾಕುವುದಿಲ್ಲವಂತೆ. ಮಿಕ್ಕ ವಿಧಿಗಳನ್ನು ಹಬ್ಬದ ದಿನ ನಡೆಸುತ್ತಾರೆ. ಕಣ್ಣಾರೆ ಕಂಡ ಒಬ್ಬರು ಮಾತ್ರ ಸಾಕ್ಷಿ ಹಾಕಬೇಕು. ಆ ಸಿಸ್ಟರ್ ತೀರಿಕೊಂಡು ಆರು ವರ್ಷವಾಯಿತು. ಉಳಿದವಳು ನಾನು. ನಿನ್ನ ಚರ್ಚಿನ ಆಫೀಸಿನಲ್ಲಿ ಕುರ್ಚಿ ಲೆಕ್ಕಕ್ಕೆ ಮೂವತ್ತು ಸಲ ಸಹಿ ಹಾಕಿದ್ದೇನೆ. ನಿನಗಾಗಿ ಇನ್ನೊಂದು ಹಾಕುತ್ತೇನೆ.

ನಾನು ಮಾರಮ್ಮನವಳು, ಮಾರಮ್ಮನವಳಾಗಿಯೇ ಇರುತ್ತೇನೆ. ನನ್ನ ಮೇಲೆ ಸಿಟ್ಟಿದ್ದರೆ ಇಲ್ಲಿಗೆ ಬಂದು ಜಗಳವಾಡು, ಕಾಫಿ ಮಾತ್ರ ಪೂರ್ತಿ ಕುಡಿ. ಬರಬೇಡ ಎಂದರೆ ಸಹಿ ಹಾಕಿ ಗೇಟಿನಿಂದಲೇ ಹೊರಡುತ್ತೇನೆ. ಬಾ ಎಂದರೆ, ಹಬ್ಬದ ದಿನ ಕುರ್ಚಿ ಜೋಡಿಸುವವರೆಗೂ ಇರುತ್ತೇನೆ.

ನಿನ್ನ ಅಜ್ಜಿ,
ಹೊನ್ನಗಂಗಮ್ಮ

ಇನ್ನೊಂದು ಮಾತು: ಮೇಲೆ "ನೀರು ಬಿತ್ತು" ಎಂದು ಬರೆದು ಜಾರಿಕೊಂಡಿದ್ದೇನೆ. ಕಾಗದದಲ್ಲೂ ಜಾರಬಹುದು ಎಂದಾಯಿತು. ಮೂರು ಗಂಟೆಗೆ ಸಿಸ್ಟರ್ ಆ ಕೋಣೆಯಲ್ಲಿ ಇರಲಿಲ್ಲ. ಲೋಟ ಹಿಡಿದ ಕೈ ನನ್ನದು, ಮಾತು ಹೇಳಿದ ಬಾಯಿಯೂ ನನ್ನದು. ಆ ಮಾತಿನ ನಡುವೆ ಮಗುವಿಗೆ ಒಂದು ಹೆಸರು ಬೇಕಿತ್ತು. ನಮ್ಮಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುತ್ತಾರೆ. ಹೊನ್ನಗಂಗಮ್ಮ ಎಂದರೆ ಅವರ ದೇವರಿಗೆ ತಿಳಿಯುವುದೋ ಇಲ್ಲವೋ ಎಂದು ಹೆದರಿ, "ಸೆಲಿನಾ" ಎಂದೆ. ನೀನು ಅತ್ತದ್ದು ಆ ಹೆಸರು ಕೇಳಿದ ಮೇಲೆ. ಓದಿ ಮುಗಿಸಿ ಈ ಕಾಗದವನ್ನು ಸೆಲಿನಮ್ಮನಿಗೆ ಕೊಡು. ತಪ್ಪಾಯಿತು ಎಂದು ಬಾಯಲ್ಲಿ ಹೇಳುವುದು ನನಗೆ ಅಭ್ಯಾಸವಿಲ್ಲ, ಕಲಿಯುತ್ತೇನೆ.

ಕೊನೆಗೆ ಯಾರಿಗೆ ಏನು ಸಿಕ್ಕಿತು? ಮಾರಮ್ಮನಿಗೆ ಹರಕೆಯ ಆರತಿ, ಹೋದ ವರ್ಷವೇ. ಅಮೀನಪ್ಪನಿಗೆ ಹೇಳಿಕೊಂಡು ನಗಲು ಒಂದು ಕಥೆ. ಸೆಲಿನಮ್ಮನಿಗೆ ಅವಳದೇ ಹೆಸರಿನ ಮೊಮ್ಮಗಳು. ನಿನಗೆ ನೆಂಟಳಾಗದೆ ಕೂರುವ ಜಾಗ. ನನಗೆ, ನೀನು ಬಾ ಎಂದರೆ, ಅದೇ ಕೊನೆಯ ಬೆಂಚಿನಲ್ಲಿ ನಿನ್ನ ಪಕ್ಕ.