ಬಲಕ್ಕೆ ಕೂರಿಸಿದ ಬ್ರೇಕು

೧೮-೧-೧೯೭೬, ರವಿವಾರ

ಇಂದು ಸ್ವಲ್ಪದರಲ್ಲಿ ಒಂದು ಜೀವ ಉಳಿಯಿತು.

ನನ್ನ ರೇಸ್ ಸೈಕಲ್ಲಿಗೆ ಫ್ರೀವ್ಹೀಲ್ ಇಲ್ಲ; ಗಾಲಿ ತಿರುಗುವಷ್ಟು ಹೊತ್ತು ಪೆಡಲ್ಲೂ ತಿರುಗುತ್ತಲೇ ಇರುತ್ತದೆ. ಕಾಲಿನಿಂದ ಪೆಡಲ್ ತಡೆದರೇ ಅದು ನಿಲ್ಲುವುದು. ಚೈನು ಕಳಚಿದರೆ ಗತಿಯೇನು ಎಂದು ಸೈಕಲ್ ಅಂಗಡಿಯ ಅಬ್ದುಲಗನಿ ಚಾಚಾ ಮೊನ್ನೆ ಮುಂದಿನ ಗಾಲಿಗೆ ಒಂದು ಬ್ರೇಕು ಹಾಕಿಕೊಟ್ಟರು. ಬ್ರೇಕಿನ ಹಿಡಿಕೆಯನ್ನು ಹ್ಯಾಂಡಲ್ಲಿಗೆ ಕೂರಿಸುವ ಮೊದಲು ಕೇಳಿದ್ದರು: "ಅಂಜಿದಾಗ ಯಾವ ಕೈ ಮೊದಲ ಹಿಡೀತೈತಿ? ಖರೇ ಹೇಳಪಾ."

ನಾನು ನಕ್ಕುಬಿಟ್ಟೆ. "ಉಣ್ಣೂದು ಬಲಗೈ, ಬರಿಯೂದು ಬಲಗೈ. ಬಲಕ್ಕ ಹಾಕ್ರಿ ಚಾಚಾ."

ಇಂದು ತಿಕೋಟಾ ರಸ್ತೆಯ ಇಳಿಜಾರಿನಲ್ಲಿ ಚೈನು ಕಳಚಿತು. ಎದುರಿಗೆ ಕುರಿಗಳು, ಅವುಗಳ ನಡುವೆ ಕುರಿ ಕಾಯುವ ಮುದುಕಿ ಹೊಳೆವ್ವ. ಇದ್ದ ಶಕ್ತಿಯೆಲ್ಲ ಹಾಕಿ ಹಿಂಡಿದೆ. ಎಡಗೈಯಿಂದ! ಅಲ್ಲಿ ಬರೀ ಹ್ಯಾಂಡಲ್ಲು. ನಾನು ಹತ್ತು ವರ್ಷ ತುಳಿದ ಅಪ್ಪನ ಹಳೇ ಸೈಕಲ್ಲಿನಲ್ಲಿ ಹಿಡಿಯುತ್ತಿದ್ದದ್ದು ಎಡಗಡೆಯ ಬ್ರೇಕು ಒಂದೇ. ಚಾಚಾ ಕೇಳಿದಾಗ ಅದು ನೆನಪಾಗಲೇ ಇಲ್ಲ.

ಗಾಲಿ ಹೊಳೆವ್ವನ ಸೀರೆ ಸವರಿಕೊಂಡು ಹೋಯಿತು, ನಾನು ಜೋಳದ ಹೊಲದಲ್ಲಿ ಬಿದ್ದೆ. ಮುದುಕಿಯೇ ಓಡಿಬಂದು ಎಬ್ಬಿಸಿದಳು: "ಯಪ್ಪಾ, ಭಾಳ ಪೆಟ್ಟಾತೇನು?" ನಾನು ಅವಳ ಸೀರೆಯ ಅಂಚು ಹರಿದಿದೆಯೇ ಎಂದು ನೋಡಿದೆ.

ನಾಳೆ ಹಿಡಿಕೆಯನ್ನು ಎಡಕ್ಕೆ ಹಾಕಿಸಬೇಕು.

ಇದನ್ನು ಬರೆಯುತ್ತಿರುವುದು ಬಲಗೈ. ಎಡಗೈ ಆಗಿನಿಂದ ಹಾಸಿಗೆಯ ಅಂಚನ್ನು ಹಿಂಡಿ ಹಿಡಿದಿದೆ, ಈಗ ಕಣ್ಣಿಗೆ ಬಿತ್ತು. ಬಿಡು ಅಂದರೂ ಬಿಡುತ್ತಿಲ್ಲ.