ಹನ್ನೊಂದು ಐವತ್ತಮೂರರ ಸೈರನ್

ಮಾರ್ಚ್ 11, ಬೆಳಿಗ್ಗೆ 10.30

ಟ್ಯಾಂಕು ಮುಕ್ಕಾಲು ತುಂಬಿದೆ. ಎರಡನೇ ಮೋಟಾರಿನ ವಾಲ್ವ್ ಮತ್ತೆ ಸೋರುತ್ತಿದೆ. ಬಟ್ಟೆ ಸುತ್ತಿದ್ದೇನೆ, ಸಂಜೆಯವರೆಗೆ ತಡೆದೀತು. ಸೆಕೆ ಅತಿಯಾಯಿತು — ಮೈಯೆಲ್ಲ ಅಂಟು, ಒಂದೆಲೆಯೂ ಅಲುಗುತ್ತಿಲ್ಲ.

ಭಾವ ಕ್ಷೌರದಂಗಡಿ ತೆರೆಯುವ ಮೊದಲು ಪಂಪ್‌ಹೌಸಿಗೆ ಇಣುಕಿ ಹೋದರು. ಹದಿನಾರು ವರ್ಷದಿಂದ ಅದೇ ರಾಗ. "ಇವತ್ತಾದ್ರೂ ಸರಿಯಾಗಿ ಹನ್ನೆರಡಕ್ಕೆ ಕೂಗ್ಸಮ್ಮ. ಅರ್ಧ ತಲೆ ಬೋಳಿಸಿ ಊಟಕ್ಕೆ ಎದ್ದು ಹೋಗೋ ಹಾಗಾಗ್ಬಾರ್ದು." ನಿನ್ನೆ ಅರ್ಧ ನಿಮಿಷ ತಡವಾಗಿತ್ತು, ಅಷ್ಟಕ್ಕೇ ಇಷ್ಟು. ಅಕ್ಕ ಅದು ಹೇಗೆ ಇವರೊಂದಿಗೆ ಬಾಳುತ್ತಾಳೋ. ಆದರೆ ನನ್ನನ್ನು ರೇಗಿಸುವವರು ಊರಿನಲ್ಲಿ ಅವರೊಬ್ಬರೇ. ಉಳಿದವರಿಗೆಲ್ಲ ನಾನು ಪಂಪ್ ಮೇಡಂ.

ಊಟದ ಸೈರನ್‌ಗೆ ಇನ್ನೂ ಒಂದೂವರೆ ಗಂಟೆ. ಅಷ್ಟರಲ್ಲಿ ಗ್ರೀಸ್ ಹಾಕಿ...

ಏಪ್ರಿಲ್ 2

ಇಪ್ಪತ್ತೆರಡು ದಿನ ಪೆನ್ನು ಮುಟ್ಟಲಿಲ್ಲ. ಒಂದು ಸಲ ಬರೆದುಬಿಡುತ್ತೇನೆ, ಆಮೇಲೆ ಬರೆಯುವುದಿಲ್ಲ.

ಅವತ್ತು 11.51ಕ್ಕೆ ಹವಾಮಾನ ಕಚೇರಿಯ ಫೋನು. ಪಶ್ಚಿಮದಿಂದ ಸುಂಟರಗಾಳಿ, ನೇರ ನಿಮ್ಮೂರಿಗೆ, ಜನರನ್ನು ಎಚ್ಚರಿಸಿ. 11.53ಕ್ಕೆ ಒತ್ತಿದೆ.

ಈ ಊರಿನಲ್ಲಿ ಸೈರನ್ ಎಂದರೆ ಊಟ. ನಾನು ಕೂಗಿಸಿದೆ, ಜನ ಊಟಕ್ಕೆ ಎದ್ದರು. ಗಿರಣಿಯ ಗೇಟು ತೆರೆಯಿತು. ಡಬ್ಬಿ ಹಿಡಿದು, ನಗುತ್ತಾ, ಬೀದಿಗೆ ಬಂದರು. ಉದ್ದಕ್ಕೆ ಕೂಗಿದರಾದರೂ ಅರ್ಥವಾಗಲಿ ಎಂದು ಬೆರಳು ತೆಗೆಯಲೇ ಇಲ್ಲ. ಸ್ವಿಚ್ಚು ಸಿಕ್ಕಿಹಾಕಿಕೊಂಡಿದೆ ಎಂದುಕೊಂಡರಂತೆ. ಒತ್ತಿಕೊಂಡೇ ಪಕ್ಕದ ಕಿಟಕಿಯಿಂದ ಕಿರುಚಿದೆ. ನನ್ನ ಸೈರನ್ನೇ ನನ್ನ ದನಿಯನ್ನು ನುಂಗಿತು. ಶಾಲೆಯ ಮೇಷ್ಟ್ರು ಮಾತ್ರ ಒಮ್ಮೆ ಆಕಾಶ ನೋಡಿ ಮಕ್ಕಳನ್ನು ಒಳಗೆ ದಬ್ಬಿದರು.

12.02ಕ್ಕೆ ಬಂತು. ಮೂರು ನಿಮಿಷವೂ ಇರಲಿಲ್ಲ.

ಏಳು ಜನ ಹೋದರು. ಭಾವ ಅಂಗಡಿಯ ಮುಂದೆಯೇ. ಷಟರ್ ಅರ್ಧಕ್ಕೆ ಎಳೆದು, ಪಕ್ಕದ ಬೇಕರಿಯಮ್ಮನಿಗೆ ಹೇಳಿದರಂತೆ — "ನಮ್ ನಾದಿನಿಗೆ ಇವತ್ತು ಏಳು ನಿಮಿಷ ಮುಂಚೆನೇ ಹಸಿವಾಗಿದೆ."

ನನ್ನ ಕೈಯಾರೆ ಕರೆದು ಬೀದಿಗೆ ನಿಲ್ಲಿಸಿದೆ. ಹೇಗೆ ತಿರುಗಿಸಿ ನೋಡಿದರೂ ಇದೇ.

ಏಪ್ರಿಲ್ 5

ಅಕ್ಕನ ಮನೆ ಇಲ್ಲ. ಗೋಡೆ ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಪಂಪ್‌ಹೌಸು ಕಾಂಕ್ರೀಟಿನದು, ಉಳಿಯಿತು. ಪಕ್ಕದ ನನ್ನ ಎರಡು ಕೋಣೆಯೂ ಉಳಿಯಿತು. ಅಕ್ಕ ನಿನ್ನೆಯವರೆಗೆ ಶಾಲೆಯ ಜಗಲಿಯಲ್ಲಿದ್ದಳು. ಇವತ್ತು ಒಂದು ಚೀಲ ಹಿಡಿದು ಬಂದಳು. ಬಂದವಳು ಆಡಿದ್ದು ಒಂದೇ ಮಾತು — "ಉಪ್ಪೆಲ್ಲಿದೆ?"

ತೋರಿಸಿದೆ. ಅಷ್ಟೇ.

ಏಪ್ರಿಲ್ 10

ನೀರು ಬಂತು! ಎರಡು ಮೋಟಾರಿನಲ್ಲಿ ಒಂದು ಓಡುತ್ತಿದೆ. ಬೀದಿಯ ಪೈಪು ಇನ್ನೂ ಆಗಿಲ್ಲ, ಊರಿಗೆ ಊರೇ ನನ್ನ ನಲ್ಲಿಯ ಮುಂದೆ ಸಾಲು. ಗಿರಣಿಯ ತಗಡು ಎರಡು ಮೈಲಿ ಆಚೆ ಯಾರದೋ ಹೊಲದಲ್ಲಿ ಸಿಕ್ಕಿದೆಯಂತೆ, ಗಿರಣಿಯವರು ಗಾಡಿಯಲ್ಲಿ ಹೇರಿ ತಂದು ಯಾರ ಸೂರು ಹೋಗಿದೆಯೋ ಅವರಿಗೆ ಹಂಚುತ್ತಿದ್ದಾರೆ. ಬೇಕರಿಯಮ್ಮನ ಅಂಗಡಿಯಲ್ಲಿ ಒಲೆಯೊಂದೇ ಮಿಕ್ಕಿದ್ದು. ಬಟಾಬಯಲಿನಲ್ಲಿ ನಿಂತು ಬ್ರೆಡ್ಡು ಸುಡುತ್ತಾಳೆ. ಸುತ್ತ ಬೀದಿಯೆಲ್ಲ ಇಟ್ಟಿಗೆ ಪುಡಿ, ನಡುವೆ ಬ್ರೆಡ್ಡಿನ ವಾಸನೆ. ಅಳು ಬಂತು.

ಯಾರೂ ನನ್ನನ್ನು ಬೈಯುವುದಿಲ್ಲ. "ನಿಂದೇನ್ ತಪ್ಪಮ್ಮ" ಅನ್ನುತ್ತಾರೆ, ಕೊಡ ಎತ್ತಿಕೊಂಡು ಹೋಗುತ್ತಾರೆ. ಬೈದರೆ ಎದುರು ಮಾತಾದರೂ ಆಡಬಹುದಿತ್ತು.

ಅಕ್ಕ ಇವತ್ತು ಎರಡು ಮಾತಾಡಿದಳು. "ಬಟ್ಟೆ ಒಣಗಿದೆ." "ಬೆಂಕಿಪೆಟ್ಟಿಗೆ ತೀರಿದೆ."

ಏಪ್ರಿಲ್ 18

ಅಕ್ಕ ಭಾವನ ಕತ್ತರಿ ತೆಗೆದಳು!

ಅಂಗಡಿಯ ಅವಶೇಷದಲ್ಲಿ ಸಿಕ್ಕಿದ ಕುರ್ಚಿ — ಒಂದು ಕೈ ಮುರಿದಿದೆ — ಅದನ್ನು ತಂದು ಪಂಪ್‌ಹೌಸಿನ ಮುಂದೆ ಹಾಕಿದಳು. ನೀರಿದೆಯಲ್ಲ, ಅದಕ್ಕೆ. ಹುಟ್ಟಿದಾರಭ್ಯ ಒಬ್ಬರ ಕೂದಲನ್ನೂ ಕತ್ತರಿಸಿದವಳಲ್ಲ. ಮೊದಲ ಗಿರಾಕಿ ಮೇಷ್ಟ್ರು. ಧೈರ್ಯವಂತರು. ಎದ್ದಾಗ ಒಂದು ಪಕ್ಕ ಹುಲ್ಲುಗಾವಲು, ಇನ್ನೊಂದು ಪಕ್ಕ ಬರಗಾಲ. ಕನ್ನಡಿ ಕೇಳಿದರು. "ಕನ್ನಡಿ ಗಾಳೀಲಿ ಹೋಯ್ತು, ನಿಮ್ ಪುಣ್ಯ" ಅಂದಳು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಸದಾ ತಲೆ ಬಾಗಿಸಿಯೇ ಬಾಗಿಲು ದಾಟುವ ಉದ್ದಜ್ಜ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಗೊಣಗಿದ. ಗೊಣಗಿದವನೇ ಹೋಗಿ ಕುರ್ಚಿಯಲ್ಲಿ ಕೂತ.

ಏಪ್ರಿಲ್ 25

ಊರಿಗೆಲ್ಲ ಒಂದೇ ತಲೆ ಈಗ. ಅಕ್ಕನಿಗೆ ಬರುವುದು ಅದೊಂದೇ ಕಟಿಂಗು. ದೂರದಿಂದ ಯಾರು ಯಾರೆಂದು ಗುರುತೇ ಸಿಗುವುದಿಲ್ಲ.

ಮೇ 1

ಪುರಸಭೆಯವರು ಹೊಸ ಸೈರನ್ ತಂದು ಕಂಬಕ್ಕೆ ಏರಿಸಿದರು. ಹಳೆಯದಕ್ಕಿಂತ ಮೂರು ಪಟ್ಟು ಜೋರಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಗುಂಡಿ ನನ್ನ ಮೇಜಿನ ಪಕ್ಕದಲ್ಲೇ. ಕೆಂಪಗೆ. ಅದರ ಮೇಲೆ ಬಟ್ಟೆ ಹೊದಿಸಿದ್ದೇನೆ. ಅರ್ಜಿಯನ್ನೂ ಬರೆದುಕೊಟ್ಟೆ — ನೀರು ನನ್ನದು, ಸೈರನ್ ಬೇರೆ ಯಾರಿಗಾದರೂ ಕೊಡಿ. ನನ್ನ ಕೈಯಲ್ಲಿ ಇನ್ನು ಆಗುವುದಿಲ್ಲ.

ಮೇ 7

ನಿನ್ನೆ ಶಾಲೆಯಂಗಳದಲ್ಲಿ ಸಭೆ. ನನ್ನ ಅರ್ಜಿಯನ್ನು ಓದಿದರು. ಒಬ್ಬರು ಸೈರನ್ನೇ ಬೇಡ, ಮಕ್ಕಳು ಬೆಚ್ಚುತ್ತವೆ ಅಂದರು. ಗಿರಣಿಯವರು ಮೊದಲಿನ ಹಾಗೆ ಹನ್ನೆರಡಕ್ಕೆ ಕೂಗಲಿ, ಕೆಲಸಕ್ಕೊಂದು ಲೆಕ್ಕ ಬೇಕಲ್ಲ ಅಂದರು. ಗದ್ದಲವೋ ಗದ್ದಲ. ನಾನು ಹಿಂದಿನ ಬೆಂಚಿನಲ್ಲಿ ನೆಲ ನೋಡುತ್ತಾ ಕೂತಿದ್ದೆ.

ಅಕ್ಕ ಎದ್ದಳು. ಹೆಗಲ ಮೇಲೆ ಇನ್ನೂ ಯಾರದೋ ಕೂದಲು.

"ಸೈರನ್ ಅಂದ್ರೆ ಊಟ ಅಂತ ಊರಿಗೆ ಊರೇ ಕಲ್ತಿದ್ವಿ. ತಪ್ಪು ಅಲ್ಲಿದೆ. ಇನ್ಮೇಲೆ ಊಟಕ್ಕೆ ಗಿರಣೀಲಿ ಗಂಟೆ ಹೊಡ್ಕೊಳ್ಳಿ. ಸೈರನ್ ಗಾಳಿಗೆ ಮಾತ್ರ. ಕೂಗಿದ್ರೆ ಯಾರೂ ಹೊರಗೆ ಬರ್ಬಾರ್ದು, ನೆಲಮಾಳಿಗೆಗೆ ಹೋಗ್ಬೇಕು. ಮಕ್ಕಳ ಹಾಗೆ ಕೂತು ಹೊಸದಾಗಿ ಕಲೀಬೇಕು, ಎಲ್ರೂ."

ಯಾರೋ ಕೇಳಿದರು, "ಒತ್ತೋರು ಯಾರು?"

"ಅವ್ಳೇ. ಗಾಳಿ ಕಣ್ಮುಂದೆ ಬರ್ತಿದ್ರೂ ಒಂಬತ್ತು ನಿಮಿಷ ಬೆರಳು ತೆಗೀದೆ ನಿಂತಿದ್ಲಲ್ಲ. ನಿಮ್ಮಲ್ಲಿ ಯಾರಿದೀರಾ ಹಾಗೆ ನಿಲ್ಲೋರು?"

ಅರ್ಜಿಯನ್ನು ನನಗೇ ವಾಪಸು ಕೊಟ್ಟರು.

ಮನೆಗೆ ಬರುವಾಗ ಅವಳ ಹಿಂದೆ ಹಿಂದೆ ನಡೆದೆ. ಅಕ್ಕಾ ಅಂದೆ. ತಿರುಗಿ ನೋಡದೆ ಹೇಳಿದಳು. "ಸಭೇಲಿ ಹೇಳಿದ್ದು ಊರಿಗೆ. ಅಷ್ಟಕ್ಕೇ ನಿನ್ ಜೊತೆ ರಾಜಿ ಆದೆ ಅಂದ್ಕೋಬೇಡ."

ಇರಲಿ. ಅದೂ ಒಂದು ಮಾತೇ.

ಮೇ 21

ಮೊದಲ ಅಭ್ಯಾಸ. ಬೆಳಿಗ್ಗೆ ಹತ್ತಕ್ಕೆ ಎಂದು ಊರಿಗೆಲ್ಲ ಹೇಳಿಯಾಗಿತ್ತು. ನಮ್ಮ ಬೀದಿಗೆ ಗಿರಣಿಯ ನೆಲಮಾಳಿಗೆ, ಆಚೆ ಬೀದಿಗೆ ಶಾಲೆಯ ಕೆಳಗಿನ ಕೋಣೆ. ಎರಡು ವಾರ ಎಲ್ಲ ಸೇರಿ ಗುಡಿಸಿ, ಬೆಂಚು ಹಾಕಿ, ನೀರಿನ ಡ್ರಮ್ಮು ಇಟ್ಟಿದ್ದಾರೆ.

ಹತ್ತಾಯಿತು. ಬೆರಳು ಏಳಲಿಲ್ಲ. ಹತ್ತೂ ಒಂದು. ಹತ್ತೂ ಎರಡು. ಹತ್ತೂ ನಾಲ್ಕಕ್ಕೆ ಕಣ್ಣು ಮುಚ್ಚಿ ಒತ್ತಿದೆ. ಕಿಟಕಿಯಾಚೆ ಮತ್ತೆ ಜನ ನಗುತ್ತಾ ಬರುತ್ತಿದ್ದಾರೆ ಎಂದೇ ಅನ್ನಿಸಿತು. ಹೊಸದರಲ್ಲಿ ಒಂದು ಅನುಕೂಲ, ಒಮ್ಮೆ ಒತ್ತಿ ಬಿಟ್ಟರೆ ತಾನೇ ಕೂಗುತ್ತಿರುತ್ತದೆ. ಮೂಲೆಗೆ ಹೋಗಿ ಕೂತೆ.

ಫಲಿತಾಂಶ ಕೇಳಬೇಡ. ಹದಿನಾಲ್ಕು ನಿಮಿಷ. ಅರ್ಧ ಗಿರಣಿ ಹಳೇ ಚಾಳಿಯಲ್ಲಿ ಡಬ್ಬಿ ಹಿಡಿದು ಗೇಟಿಗೆ ಬಂತು. ಬೇಕರಿಯಮ್ಮ ಹಿಟ್ಟಿನ ಪರಾತದ ಸಮೇತ ಇಳಿದಳು. ಉದ್ದಜ್ಜ ಬರಲೇ ಇಲ್ಲ — "ಸುಳ್ಳು ಗಾಳಿಗೆಲ್ಲ ನಾನು ಮೆಟ್ಲು ಇಳಿಯಲ್ಲ."

ಪ್ರತಿ ವಾರ ಮಾಡಬೇಕೆಂದು ತೀರ್ಮಾನ.

ಜೂನ್ 4

ಆರೂವರೆ ನಿಮಿಷ. ಡಬ್ಬಿ ಹಿಡಿದವರು ಇಬ್ಬರೇ. ಉದ್ದಜ್ಜನಿಗೆ ಅಕ್ಕ ಹೇಳಿದಳಂತೆ, "ಬರದಿದ್ರೆ ಕಟಿಂಗ್ ಇಲ್ಲ." ಬಂದ. ಈ ಸಲ ನನ್ನ ಬೆರಳು ಸರಿಯಾಗಿ ಹತ್ತಕ್ಕೇ ಬಿತ್ತು.

ಬೀದಿಯ ಕೊನೆಯಲ್ಲಿ ಮೂರು ಮನೆಗೆ ಗೋಡೆ ಎದ್ದಿದೆ.

ಜೂನ್ 12, ಮಧ್ಯಾಹ್ನ 2.20

ಸೆಕೆ. ಆ ದಿನದ್ದೇ ಅಂಟು. ಪಶ್ಚಿಮದಲ್ಲಿ ಮೋಡ ಒಂದು ಥರಾ ಹಸಿರು. ಅಭ್ಯಾಸದ ದಿನವಲ್ಲ ಇದು. ನಿಜವಾದದ್ದು ಬಂದರೆ ಬೆರಳು ಕೇಳುತ್ತದೋ ಇಲ್ಲವೋ. ಕೇಳಿದರೂ ಜನ ಯಾವ ಕಡೆ ಓಡುತ್ತಾರೋ.

ಫೋನು—

3.05, ಗಿರಣಿಯ ನೆಲಮಾಳಿಗೆ

ನೋಟ್‌ಬುಕ್ ಜೇಬಿನಲ್ಲೇ ಇತ್ತು. ಟಾರ್ಚ್ ಬೆಳಕು.

2.23ಕ್ಕೆ ಒತ್ತಿದೆ. ತಡೆಯಲಿಲ್ಲ, ಯೋಚಿಸಲೂ ಇಲ್ಲ. ಕಿಟಕಿಗೆ ಹೋಗಿ ನೋಡಿದೆ, ಈ ಸಲ ನೋಡಲೇಬೇಕಿತ್ತು. ಡಬ್ಬಿ ಹಿಡಿದು ಗಿರಣಿಯ ಗೇಟಿಗೆ ಒಬ್ಬರೂ ಬರಲಿಲ್ಲ. ಬಂದವರೆಲ್ಲ ಮನೆಗಳಿಂದ, ಅಂಗಡಿಗಳಿಂದ, ನೇರ ನೆಲಮಾಳಿಗೆಯ ಬಾಗಿಲಿಗೆ. ಮಗುವನ್ನೆತ್ತಿಕೊಂಡು, ಮುದುಕರ ಕೈ ಹಿಡಿದು. ಉದ್ದಜ್ಜ ಎಲ್ಲರಿಗಿಂತ ಮುಂದೆ! ಬೀದಿ ಖಾಲಿಯಾಯಿತು. ಖಾಲಿ ಬೀದಿ ಇಷ್ಟು ಚೆಂದ ಎಂದು ಗೊತ್ತಿರಲಿಲ್ಲ. ನೋಡುತ್ತಾ ನಿಂತುಬಿಟ್ಟೆ.

ಆಮೇಲೆ ಓಡಿದೆ. ಅರ್ಧ ದಾರಿಯಲ್ಲಿ ಎದುರಿಗೆ ಅಕ್ಕ. ಒಳಗೆ ಇರಬೇಕಾದವಳು ಗಾಳಿಯಲ್ಲಿ, ಹೊರಗೆ. ರಟ್ಟೆ ಹಿಡಿದು ಎಳೆದಳು. "ಊರಿನವ್ರನ್ನೆಲ್ಲ ಒಳಗೆ ಕಳ್ಸಿ ನೀನೆಲ್ಲಿ ಸಾಯೋಕೆ ಹೋಗಿದ್ದೆ, ಕತ್ತೆ? ಇನ್ನೊಬ್ರನ್ನ ಹೊರೋಕೆ ನನ್ ಕೈಲಾಗಲ್ಲ, ತಿಳೀತಾ?"

ಮೇಷ್ಟ್ರು ಎಣಿಸಿದರು. ನಮ್ಮ ಬೀದಿಯವರು ನೂರ ನಲವತ್ತಮೂರು. ಎರಡು ಸಲ ಎಣಿಸಿದರು. ಎಲ್ಲರೂ ಇದ್ದಾರೆ.

ಮೇಲೆ ಗಾಳಿ. ಏನೋ ಮುರಿದು ಬಿತ್ತು. ಗೋಡೆಗಳಿರಬಹುದು, ಮತ್ತೆ ಕಟ್ಟಿದರಾಯಿತು. ಅಕ್ಕ ಇನ್ನೂ ಬೈಯುತ್ತಿದ್ದಾಳೆ, ಮೂರು ತಿಂಗಳ ಬಾಕಿಯನ್ನೆಲ್ಲ ಒಟ್ಟಿಗೆ. ಅಳುತ್ತಾ ಬೈಯುತ್ತಿದ್ದಾಳೆ. ನಾನೂ ಅಳುತ್ತಿದ್ದೇನೆ, ಅಕ್ಷರ ಓರೆಕೋರೆ.

"ಬರೆದಿದ್ ಸಾಕು. ಇಡು ಆ ಪೆನ್ನು. ಕೈ ಕೊಡು ಇಲ್ಲಿ."

ಎಡಗೈ ಕೊಟ್ಟೆ. ಬಲಗೈಯೇ ಬೇಕಂತೆ—